ಎಂಟು ಕಿತ್ತಳೆ ಪೊಟ್ಟಣ, ಒಂದು ಬಿಳಿ ಪೊಟ್ಟಣ

ಕಳೆದ ವಾರ ಒಬ್ಬ ಹುಡುಗಿಯ ಉತ್ತರ ಪತ್ರಿಕೆಯ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದೆ. ಅಷ್ಟುದ್ದದ ಗೆರೆ ನಾನು ವರ್ಷಕ್ಕೆ ಒಂದೋ ಎರಡೋ ಎಳೆದೇನು. ಎಳೆಯುವಾಗ ಒಳಗೊಳಗೇ ಒಂಥರಾ ಸಮಾಧಾನವೂ ಆಯಿತು ಅಂದರೆ ನಂಬುತ್ತೀರಾ?

(ನಂಬುತ್ತೀರಿ ಬಿಡಿ. ಇಷ್ಟು ದಿನ ಈ ಅಂಕಣ ಓದಿದವರಿಗೆ ನನ್ನ ಸಿಟ್ಟು ಹೊಸದಲ್ಲ. ನಮ್ಮ ಮನೆಯವರಂತೂ 'ನಿನ್ನ ಪೆನ್ನಿನ್ಯಾಗ ಮಸಿ ಅಲ್ಲ, ಮೆಣಸಿನಕಾಯಿ ರಸ ಐತಿ' ಅನ್ನುತ್ತಾರೆ.)

ಆ ಗೆರೆಯ ಸಂಗತಿ ಯಾರಿಗೂ ಹೇಳಬಾರದು ಅಂದುಕೊಂಡಿದ್ದೆ. ಆದರೆ ಆ ಹುಡುಗಿ ಕೊನೆಗೆ ನನಗೊಂದು ಪ್ರಶ್ನೆ ಕೇಳಿ ಬಸ್ ಹಿಡಿಯಲು ಹೋದಳು. ಅದು ಐದು ದಿನದಿಂದ ತಲೆಯಲ್ಲೇ ಕೂತಿದೆ. ಮಜ್ಜಿಗೆ ಕಡೆಯುವಾಗ ಬರುತ್ತದೆ, ಸ್ಕೂಟಿ ಸ್ಟಾರ್ಟ್ ಮಾಡುವಾಗ ಬರುತ್ತದೆ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಗೋಕಾಕದ ಒಂದು ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್ರಿ ಕಲಿಸುತ್ತಿದ್ದೇನೆ. ಅದರಲ್ಲೂ ಆರ್ಗ್ಯಾನಿಕ್. ಅದರಲ್ಲೂ ನನಗೆ ಜೀವಕ್ಕಿಂತ ಇಷ್ಟವಾದದ್ದು, ಹುಡುಗರು 'ಅನ್‌ನೋನ್' ಅಂತ ಕರೆಯುವ ಪಾಠ. ಹೆಸರು ಗೊತ್ತಿಲ್ಲದ ಒಂದು ವಸ್ತು ಕೊಡುತ್ತೇವೆ. ಅದು ಯಾವುದು, ಅದರ ಅಣುವಿನ ರಚನೆ ಹೇಗಿದೆ, ಕಂಡುಹಿಡಿಯಬೇಕು.

ಅಣುವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಯಾರೂ ಇಲ್ಲ. ದೊಡ್ಡ ಊರುಗಳ ದೊಡ್ಡ ಲ್ಯಾಬುಗಳಲ್ಲಿ ಮಷೀನುಗಳಿವೆ, ಒಂದು ಹನಿ ಹಾಕಿದರೆ ಅಣುವಿನ ಜಾತಕವೇ ಪ್ರಿಂಟಾಗಿ ಬರುತ್ತದೆ. ನಮ್ಮಲ್ಲಿರುವುದು ಟೆಸ್ಟ್ ಟ್ಯೂಬು, ಸ್ಪಿರಿಟ್ ದೀಪ, ಮತ್ತೆ ತಾಳ್ಮೆ. ವಸ್ತುವಿಗೆ ಒಂದೊಂದೇ ರಾಸಾಯನಿಕ ಹಾಕಬೇಕು, ಅದು ಏನು ಮಾಡುತ್ತದೆ ನೋಡಬೇಕು. ನೊರೆ ಬಂತೇ? ಬಣ್ಣ ಬದಲಾಯಿತೇ? ಗಾಜಿಗೆ ಬೆಳ್ಳಿ ಮೆತ್ತಿಕೊಂಡಿತೇ? ಅದು ಮಾಡಿದ್ದನ್ನೆಲ್ಲ ಬರೆದುಕೊಂಡು, ಕೊನೆಗೆ ಕೂತು, ಇಷ್ಟೆಲ್ಲ ಮಾಡಬೇಕಾದರೆ ಇದರೊಳಗೆ ಏನಿರಬೇಕು ಅಂತ ಯೋಚಿಸಬೇಕು.

ಅಡುಗೆಮನೆಯ ಉದಾಹರಣೆ ಕೊಡಲೇ? ನನ್ನ ತವರೂರು ಯಮಕನಮರಡಿಯಲ್ಲಿ ನಮ್ಮವ್ವ ಮಜ್ಜಿಗೆ ಹುಳಿಯಾಗಿದೆಯೋ ಇಲ್ಲವೋ ಅಂತ ಬಾಯಿಗೆ ಹಾಕಿ ನೋಡುತ್ತಿರಲಿಲ್ಲ, ಯಾಕಂದರೆ ಸೋಮವಾರ, ಗುರುವಾರ, ಶನಿವಾರ ಆಕೆಗೆ ಒಂದಲ್ಲ ಒಂದು ಉಪವಾಸ. ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸುತ್ತಿದ್ದಳು. ಬುಸ್ ಅಂತ ನೊರೆ ಬಂದರೆ ಹುಳಿ. ನಮ್ಮ ಲ್ಯಾಬಿನ ಮೊದಲ ಪರೀಕ್ಷೆಯೂ ಅದೇ. ಗೊತ್ತಿಲ್ಲದ ವಸ್ತುವಿಗೆ ಸೋಡಾ ಹಾಕು, ನೊರೆ ಬಂದರೆ ಅದು ಆಸಿಡ್. ಬರದಿದ್ದರೆ ಮುಂದಿನ ಪರೀಕ್ಷೆಗೆ ಹೋಗು.

ಇಷ್ಟು ಗೊತ್ತಿದ್ದರೆ ಸಾಕು, ಈ ಕಥೆ ತಿಳಿಯುತ್ತದೆ. ಬಿಎಸ್ಸಿ ಹುಡುಗರಿಗೂ ಇಷ್ಟು ಗೊತ್ತಿದ್ದರೆ ಈ ಕಥೆ ಇರುತ್ತಲೇ ಇರಲಿಲ್ಲ.

ಹುಡುಗಿಯ ಹೆಸರು ಮಾಯಕ್ಕ. ಮಮದಾಪುರದವಳು, ಕುರಿ ಕಾಯುವವರ ಮನೆತನ. ಅವರ ಮನೆಯಲ್ಲಿ ಬಿಎಸ್ಸಿ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ಬಸ್ಸು ತಡವಾಗಿ ಬರುವುದರಿಂದ ದಿನಾ ಮೊದಲ ಪೀರಿಯಡ್ಡಿಗೆ ಹತ್ತು ನಿಮಿಷ ಲೇಟು. ಬಂದವಳು ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಎಂಎಸ್ಸಿ ಮಾಡಬೇಕು ಅಂತ ಆಸೆ. ಸೀಟು ಸಿಗಬೇಕಾದರೆ ಪ್ರಾಕ್ಟಿಕಲ್ ಅಂಕ ಚೆನ್ನಾಗಿ ಬೀಳಬೇಕು, ಫೇಲಾದರಂತೂ ಒಂದು ವರ್ಷ ಹೋಯಿತು. ಆ ಒಂದು ವರ್ಷದಲ್ಲಿ ನಮ್ಮ ಕಡೆ ಹುಡುಗಿಯರಿಗೆ ಏನೇನು ಆಗಿಬಿಡುತ್ತದೆ ಅಂತ ನಿಮಗೆ ನಾನು ಹೇಳಬೇಕೇ?

ಅವಳ ಬಗ್ಗೆ ನನಗೆ ಒಂದು ನೆನಪಿತ್ತು. ಅದು ಒಳ್ಳೆಯ ನೆನಪೇನಲ್ಲ.

ಮೂರು ತಿಂಗಳ ಹಿಂದೆ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಿದ್ದೆ. ಒಂದು ವಸ್ತು, ಅದರ ಸೂತ್ರ C8H8O. ಅದು ಇಂಥದ್ದರ ಜೊತೆ ಕಿತ್ತಳೆ ಬಣ್ಣ ಕೊಡುತ್ತದೆ, ಬೆಳ್ಳಿ ಕನ್ನಡಿ ಮಾಡುವುದಿಲ್ಲ, ಅಯೋಡಿನ್ ಜೊತೆ ಹಳದಿ ಪುಡಿ ಕೊಡುತ್ತದೆ. ಅದು ಯಾವುದು? ನಾನು ಸೂತ್ರ ಬರೆದು ಮುಗಿಸುವಷ್ಟರಲ್ಲೇ ಮುಂದಿನ ಎರಡು ಬೆಂಚು 'ಆಸಿಟೋಫೀನೋನ್ ರಿ ಮೇಡಂ' ಅಂತ ಹಾಡಿಬಿಟ್ಟವು. ಉತ್ತರ ಸರಿ. 'ಶಾಬಾಸ್' ಅಂದೆ.

ಹಿಂದಿನಿಂದ ಮಾಯಕ್ಕ ಎದ್ದು ನಿಂತಳು. "ಮೇಡಂ, ಸೂತ್ರ ನೋಡೇ ಉತ್ತರ ಹೇಳೂದಾದ್ರ ಉಳಿದ ಮೂರು ಸಾಲು ಯಾಕ ಬರದೀರಿ?"

ಕ್ಲಾಸು ಕಿಸಕ್ಕೆಂದಿತು. ನನಗೆ ಸಿಲಬಸ್ ಮುಗಿಸುವ ಅವಸರ. "ಪರೀಕ್ಷಾದಾಗ ಅಷ್ಟೆಲ್ಲಾ ಟೈಮ್ ಇರಂಗಿಲ್ಲ, ಕುಂದ್ರು," ಅಂದೆ. ಕೂತಳು.

ಕಳೆದ ವಾರ ಪ್ರಾಕ್ಟಿಕಲ್ ಪರೀಕ್ಷೆ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಲ್ಯಾಬು, ಊಟವಾದ ಮೇಲೆ ಪೇಪರ್ ನೋಡುವುದು, ಮೂರಕ್ಕೆ ಒಬ್ಬೊಬ್ಬರನ್ನೇ ಕರೆದು ವೈವಾ, ಐದು ಗಂಟೆಯೊಳಗೆ ಅಂಕಗಳನ್ನು ಪೋರ್ಟಲ್ಲಿಗೆ ಹಾಕಬೇಕು. ಒಮ್ಮೆ ಹಾಕಿದರೆ ಮುಗಿಯಿತು, ಬ್ರಹ್ಮ ಬಂದರೂ ತಿದ್ದಲಾಗದು. ಹೊರಗಿನ ಎಕ್ಸಾಮಿನರ್ ಹುಕ್ಕೇರಿ ಕಡೆಯ ಕಾಲೇಜಿನವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ಹುಕ್ಕೇರಿ ಸರ್ ಅಂತಲೇ ಕರೆಯೋಣ. ಒಳ್ಳೆಯ ಮನುಷ್ಯ, ಒಂದೇ ಸಮನೆ ಗಡಿಯಾರ ನೋಡುತ್ತಾರೆ.

ಬ್ಯಾಚಿನಲ್ಲಿ ಹದಿನೆಂಟು ಹುಡುಗರು. ಒಂಬತ್ತು ಜನಕ್ಕೆ ಒಂದು ವಸ್ತು, ಉಳಿದ ಒಂಬತ್ತು ಜನಕ್ಕೆ ಇನ್ನೊಂದು. ಮಾಯಕ್ಕ ಇದ್ದ ಗುಂಪಿಗೆ ನಾನು ಆರಿಸಿದ್ದು ಬೆಂಜಾಲ್ಡಿಹೈಡ್ ಅನ್ನುವ ದ್ರವ. ಅದಕ್ಕೆ ಕಹಿಬಾದಾಮಿಯ ವಾಸನೆ. ಕರದಂಟಿನ ಊರಿನವರಿಗೆ ಬಾದಾಮಿ ವಾಸನೆ ಹೇಳಿಕೊಡಬೇಕೇ? ಮುಚ್ಚಳ ತೆಗೆದರೆ ಲ್ಯಾಬಿನ ಆ ತುದಿಯವನಿಗೂ ಗೊತ್ತಾಗುತ್ತದೆ. ಹುಡುಗರಿಗೆ ಸುಲಭವಾಗಲಿ ಅಂತಲೇ ಅದನ್ನು ಆರಿಸಿದ್ದೆ.

ಅಷ್ಟು ಸಾಲದು ಅಂತ ನಮ್ಮ ಬಾಳಪ್ಪ ಕಾಕಾ ಬೇರೆ ಇದ್ದಾರೆ. ನಮ್ಮ ಲ್ಯಾಬಿನ ಅಟೆಂಡರ್. ಮುಂದಿನ ವರ್ಷ ರಿಟೈರ್ ಆಗುತ್ತಾರೆ. ಬಾಟಲಿ ತೊಳೆಯುವುದು, ಸ್ಯಾಂಪಲ್ ಹಂಚುವುದು ಅವರೇ. ಪ್ರಾಕ್ಟಿಕಲ್ ದಿನ ಸ್ಯಾಂಪಲ್ ಟೇಬಲ್ಲಿಗೆ ಇಡುವಾಗ ಹುಡುಗರ ಕಿವಿಯಲ್ಲಿ ಮೆಲ್ಲಗೆ ಅದರ ಹೆಸರು ಹೇಳಿಬಿಡುತ್ತಾರೆ. ದುಡ್ಡಿಗಲ್ಲ, ಚಹಾಕ್ಕೂ ಅಲ್ಲ. 'ಮಕ್ಕಳು ಪಾಸಾಗ್ಲಿ ಬಿಡ್ರಿ ಬಾಯಾರ' ಅನ್ನುವ ಕರುಣೆ. (ಅವರಿಗೆ ನಾನು ಮೇಡಂ ಅಲ್ಲ, ಮೊದಲಿನಿಂದಲೂ ಬಾಯಾರ.) ಇದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಆ ಐದು ನಿಮಿಷ ನಾವು ಕಿಟಕಿಯಾಚೆ ನೋಡುತ್ತೇವೆ. ಕಿಟಕಿಯಾಚೆ ನೋಡಲು ಏನೂ ಇಲ್ಲ, ಒಂದು ಸೈಕಲ್ ಸ್ಟ್ಯಾಂಡ್.

ಮಧ್ಯಾಹ್ನ ಪೇಪರ್ ನೋಡಲು ಕೂತೆವು. ಪ್ರತಿ ಪೇಪರಿಗೂ ಒಂದು ಸಣ್ಣ ಕಾಗದದ ಪೊಟ್ಟಣ ಪಿನ್ ಮಾಡಿರುತ್ತದೆ. ಹುಡುಗರು ತಮಗೆ ಕೊಟ್ಟ ವಸ್ತುವಿನಿಂದ ಕೊನೆಗೊಂದು ಪುಡಿ ತಯಾರಿಸಿ ಒಪ್ಪಿಸಬೇಕು, ಅದೇ ಸಾಕ್ಷಿ. ಬೆಂಜಾಲ್ಡಿಹೈಡ್ ಆದರೆ ಕಿತ್ತಳೆ ಬಣ್ಣದ ಪುಡಿ. ಒಂದು, ಎರಡು, ಮೂರು... ಎಂಟೂ ಪೇಪರಿನಲ್ಲಿ ಬೆಂಜಾಲ್ಡಿಹೈಡ್. ಎಂಟೂ ಪೊಟ್ಟಣ ಕಿತ್ತಳೆ. ಮೂಡಲಗಿಯ ಡಾಕ್ಟರ್ ಮಗಳು ಸ್ನೇಹಾಳ ಪೇಪರ್ ಅಂತೂ ಮುತ್ತು ಪೋಣಿಸಿದಂತೆ. ಪೂರ್ತಿ ಅಂಕ ಹಾಕಿದೆ.

ಒಂಬತ್ತನೆಯದು ಮಾಯಕ್ಕನದು. ಮೊದಲ ಪರೀಕ್ಷೆಯಲ್ಲೇ ಬರೆದಿದ್ದಾಳೆ, ಸೋಡಾ ಹಾಕಿದಾಗ ನೊರೆ ಬಂತು. ಆದ್ದರಿಂದ ಆಸಿಡ್. ಕೊನೆಯ ಉತ್ತರ, ಬೆಂಜೋಯಿಕ್ ಆಸಿಡ್.

ಇಡೀ ಲ್ಯಾಬು ಬಾದಾಮಿ ನಾರುತ್ತಿದ್ದರೂ ಇವಳಿಗೆ ಆಸಿಡ್. ಕೊನೆಯ ಬೆಂಚು, ದಿನಾ ಲೇಟು, ಇನ್ನೇನಾಗುತ್ತದೆ ಅನ್ನಿಸಿತು. ಎರಡನೇ ಪುಟ ತಿರುಗಿಸಲಿಲ್ಲ. ಎಳೆದೆ ನೋಡಿ ಗೆರೆ. ನಲವತ್ತಕ್ಕೆ ಆರು.

ಹುಕ್ಕೇರಿ ಸರ್ ಇಣುಕಿ ನೋಡಿ, "ಆರಂದ್ರ ಫೇಲ್ ಆಗ್ತಾಳಲ್ರಿ ಮೇಡಂ," ಅಂದರು.

"ಆಗ್ಲಿ. ವಸ್ತುನೇ ತಪ್ಪು ಹಿಡದ ಮ್ಯಾಲ ಏನ್ ಕೊಡೂದ್ರಿ?"

ಪೇಪರನ್ನು ಕಟ್ಟಿಗೆ ಸೇರಿಸುವಾಗ ಅವಳ ಪೊಟ್ಟಣ ಬಿಚ್ಚಿಕೊಂಡು ಒಂದಿಷ್ಟು ಪುಡಿ ಟೇಬಲ್ ಮೇಲೆ ಚೆಲ್ಲಿತು. ಕಿತ್ತಳೆ ಅಲ್ಲ, ಅಚ್ಚ ಬಿಳಿ. ಸೂಜಿಯಂಥ ಸಣ್ಣ ಸಣ್ಣ ಹರಳು. ಒರೆಸಿಹಾಕಲು ಕೈ ಎತ್ತಿದವಳು ಹಾಗೇ ನಿಂತೆ.

ಬೆಂಜೋಯಿಕ್ ಆಸಿಡ್ ಅಂದರೆ ಹೀಗೇ ಇರುತ್ತದೆ. ನಾನು ಸಾವಿರ ಸಲ ನೋಡಿದ್ದೇನೆ. ಪೊಟ್ಟಣದ ಮೇಲೆ ಅವಳು ಕರಗುವ ಉಷ್ಣತೆಯನ್ನೂ ಬರೆದಿದ್ದಳು, ಅದೂ ಸರಿಯಾಗಿತ್ತು. ನಾನು ಕೊಟ್ಟದ್ದು ಬೆಂಜಾಲ್ಡಿಹೈಡ್. ಹಾಗಾದರೆ ಈ ಪುಡಿ ಎಲ್ಲಿಂದ ಬಂತು?

ಈಗ ನಾಚಿಕೆಗೇಡಿನ ಮಾತು ಹೇಳುತ್ತೇನೆ. ನನ್ನ ತಲೆಗೆ ಮೊದಲು ಬಂದದ್ದು, 'ಸ್ಟೋರಿನಿಂದ ಕದ್ದಿರಬೇಕು.'

ಕೀಲಿ ನನ್ನ ಪರ್ಸಿನಲ್ಲಿತ್ತು. ಬೆಂಜೋಯಿಕ್ ಆಸಿಡ್ ಬಾಟಲಿ ಕಪಾಟಿನೊಳಗೆ, ಕಪಾಟಿಗೆ ಬೀಗ, ಬೀಗದ ಕೀಲಿ ಬೆಳಿಗ್ಗೆಯಿಂದ ನನ್ನ ಹತ್ತಿರ. ಆದರೂ ಎದ್ದು ಹೋಗಿ ನೋಡಿ ಬಂದೆ. ಬಾಟಲಿಯ ಮೇಲೆ ಧೂಳು ಹಾಗೇ ಇತ್ತು, ಯಾರ ಬೆರಳೂ ತಾಗಿರಲಿಲ್ಲ. ಅಲ್ಲೇ ಕಪಾಟಿನ ಮುಂದೆ ನನ್ನ ಮೇಲೇ ನನಗೆ ಅಸಹ್ಯವಾಯಿತು. ಇದೇ ಬಿಳಿ ಪುಡಿ ಸ್ನೇಹಾಳ ಪೊಟ್ಟಣದಲ್ಲಿದ್ದರೆ ನಾನು ಕದ್ದಳು ಅಂತ ಯೋಚಿಸುತ್ತಿದ್ದೆನೇ? 'ಅರೆ, ಸ್ನೇಹಾ ತಪ್ಪು ಮಾಡುವವಳಲ್ಲ, ಸ್ಯಾಂಪಲ್ ಏನೋ ಎಡವಟ್ಟಾಗಿದೆ' ಅಂತ ಓಡಿಹೋಗಿ ಬಾಟಲಿ ನೋಡುತ್ತಿದ್ದೆ. ಗ್ಯಾರಂಟಿ.

ಆಮೇಲೆ ಅವಳ ಪೇಪರನ್ನು ಪೂರ್ತಿ ಓದಿದೆ. ಮೊದಲೇ ಮಾಡಬೇಕಾದ ಕೆಲಸ. ಎರಡನೇ ಪುಟದ ಕೆಳಗೆ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ, ಒಂದು ಸಾಲು ಇತ್ತು. 'ಸೋಡಾದೊಳಗೆ ಪೂರಾ ಕರಗಲಿಲ್ಲ. ಎಣ್ಣೆಯಂಥದ್ದು ಸ್ವಲ್ಪ ಉಳಿಯಿತು. ಸೋಸಿ ತೆಗೆದೆ. ಅದು ಏನೆಂದು ನನಗೆ ತಿಳಿಯಲಿಲ್ಲ.'

ವಾಸನೆ, ನೊರೆ, ಬಿಳಿ ಹರಳು, ಉಳಿದ ಎಣ್ಣೆ. ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ನಾನು ಹುಡುಗರಿಗೆ ಕೊಡುವ ಲೆಕ್ಕ ಇದೇ. ಈ ಸಲ ನನಗೇ ಯಾರೋ ಕೊಟ್ಟಂತಿತ್ತು.

"ಬಾಳಪ್ಪ ಕಾಕಾ, ಮುಂಜಾನಿ ಕೊಟ್ಟ ಬಾಟಲಿ ತರ್ರಿ."

ತಂದರು. ಹಳೇ ಕಂದು ಬಾಟಲಿ. ಚೀಟಿಯ ಮೇಲೆ ನನ್ನದೇ ಅಕ್ಷರ, ಬೆಂಜಾಲ್ಡಿಹೈಡ್ ಅಂತ. ಬೂಚು ಸಡಿಲ.

"ಈ ಬಾಟಲಿ ಎಲ್ಲಿ ಇಟ್ಟಿದ್ರಿ?"

"ಕಿಟಕಿ ಬಾಜೂ ರ‍್ಯಾಕಿನ್ಯಾಗ ಇತ್ರಿ ಬಾಯಾರ. ಭಾಳ ದಿನಾ ಆತು."

"ಮುಂಜಾನಿ ತೆಗದಾಗ ಹ್ಯಾಂಗಿತ್ತು?"

"ಬಾಯಿಗೆ ಉಪ್ಪು ಕೂತಂಗ ಬೆಳ್ಳಗ ಆಗಿತ್ರಿ. ಹುಡುಗ್ರಿಗೆ ಹೊಲಸು ಕೊಡಬಾರದಂತ ತಿಕ್ಕಿ ತೆಗದು, ಬಾಟ್ಲಿ ಸ್ವಚ್ಛ ಮಾಡಿ ಕೊಟ್ಟೀನಿ."

ಆ ಉಪ್ಪೇ ಉತ್ತರ. ಬೆಂಜಾಲ್ಡಿಹೈಡನ್ನು ಗಾಳಿಗೆ ಬಿಟ್ಟರೆ ಅದು ತಾನಾಗಿಯೇ, ಮೆಲ್ಲಗೆ, ಬೆಂಜೋಯಿಕ್ ಆಸಿಡ್ ಆಗುತ್ತಾ ಹೋಗುತ್ತದೆ; ಬಾಯಿಗೆ ಕೂತದ್ದನ್ನು ತಿಕ್ಕಿ ತೆಗೆದರೂ ದ್ರವದೊಳಗೆ ಕರಗಿದ್ದು ಹಾಗೇ ಉಳಿಯುತ್ತದೆ. ಇದು ಪುಸ್ತಕದಲ್ಲಿದೆ. ಇದನ್ನು ಪ್ರತಿ ವರ್ಷ ನಾನೇ ಕಲಿಸುತ್ತೇನೆ. ಕಲಿಸಿ, ಹೊರಗೆ ಬಂದು, ಬೂಚು ಸಡಿಲವಿರುವ ಬಾಟಲಿಯನ್ನು ಚೀಟಿ ನೋಡಿ ಪರೀಕ್ಷೆಗೆ ಆರಿಸುತ್ತೇನೆ. ಹಾಲು ಹೆಪ್ಪಾಗಿ ಮೊಸರಾದ ಮೇಲೂ ಪಾತ್ರೆಗೆ 'ಹಾಲು' ಅಂತ ಚೀಟಿ ಅಂಟಿಸಿಟ್ಟಂತೆ.

ಒಂದು ಟೆಸ್ಟ್ ಟ್ಯೂಬಿಗೆ ಸೋಡಾ ನೀರು ಹಾಕಿ, ಬಾಟಲಿಯಿಂದ ಒಂದಿಷ್ಟು ಬಿಟ್ಟೆ. ಬುಸ್ಸೆಂದು ನೊರೆ ಬಂತು.

ಹುಕ್ಕೇರಿ ಸರ್ ಗಡಿಯಾರ ಬಿಟ್ಟು ಟ್ಯೂಬ್ ನೋಡಿದರು. ನಾನು ಎಂಟು ಪೇಪರ್ ಮತ್ತೆ ಹರಡಿದೆ. ಮೊದಲ ಪರೀಕ್ಷೆ, ಸೋಡಾ. ಸ್ನೇಹಾಳ ಪೇಪರಿನಲ್ಲಿ, 'ನೊರೆ ಬರಲಿಲ್ಲ.' ಎರಡನೆಯದರಲ್ಲಿ, 'ನೊರೆ ಬರಲಿಲ್ಲ.' ಮೂರು, ನಾಲ್ಕು, ಎಂಟರವರೆಗೂ ಅದೇ. ಯಾರಿಗೂ ನೊರೆ ಬಂದಿಲ್ಲ. ಒಂದೇ ಬಾಟಲಿ, ಒಂದೇ ಲ್ಯಾಬು, ಒಂದೇ ಬೆಳಿಗ್ಗೆ.

ಅವರ ಉತ್ತರ ತಪ್ಪಲ್ಲ, ನೆನಪಿರಲಿ. ಬಾಟಲಿಯಲ್ಲಿ ಬೆಂಜಾಲ್ಡಿಹೈಡ್ ಇನ್ನೂ ಸಾಕಷ್ಟಿತ್ತು, ಕಿತ್ತಳೆ ಪುಡಿಯನ್ನು ನಿಜವಾಗಿಯೇ ಮಾಡಿದ್ದಾರೆ. ಆದರೆ ಆ ಒಂದು ಪರೀಕ್ಷೆಯನ್ನು ಎಂಟೂ ಜನ ಮಾಡಿಯೇ ಇಲ್ಲ. ಹೆಸರು ಮೊದಲೇ ಗೊತ್ತು, ಆ ಹೆಸರಿನ ವಸ್ತುವಿಗೆ ನೊರೆ ಬರಬಾರದು ಅಂತಲೂ ಗೊತ್ತು. ಮತ್ತೆ ಮಾಡುವುದೇಕೆ? ಬರೆದರಾಯಿತು.

ನಗಬೇಡಿ. ನಾವೇನು ಕಮ್ಮಿ? ನಮ್ಮ ಕಡೆ ವರ ನೋಡಲು ಹೋದಾಗ ಯಾರಾದರೂ ಹುಡುಗನಿಗೆ ಸೋಡಾ ಹಾಕಿ ನೋಡುತ್ತಾರಾ? ಊರು ಕೇಳುತ್ತಾರೆ, ಅಡ್ಡಹೆಸರು ಕೇಳುತ್ತಾರೆ, ಪಗಾರ ಕೇಳುತ್ತಾರೆ. 'ಮನೆತನ ಚಲೋ ಐತಂತ' ಅನ್ನುವ ಒಂದು ಪಿಸುಮಾತು ಸಾಕು, ಅಕ್ಕಿಕಾಳು ಹಾಕಿಬಿಡುತ್ತೇವೆ. ಮದುವೆಯಾದ ಮೂರು ತಿಂಗಳಿಗೆ ನೊರೆ ಬರುತ್ತದೆ. ಆಗಲೂ ಏನು ಬರೆಯುತ್ತೇವೆ? 'ನೊರೆ ಬರಲಿಲ್ಲ.' ಚೀಟಿ ಚಲೋ ಇದೆಯಲ್ಲ.

ಮೂರು ಗಂಟೆಗೆ ವೈವಾ ಶುರುವಾಯಿತು. ಆ ಎಂಟು ಜನರಿಗೆ ನಾನು ಪುಸ್ತಕದ ಪ್ರಶ್ನೆ ಕೇಳಲಿಲ್ಲ. ಬಾಟಲಿ, ಸೋಡಾ, ಟ್ಯೂಬ್ ಮುಂದಿಟ್ಟು, "ನಿನ್ನ ಮೊದಲನೇ ಟೆಸ್ಟ್ ಮತ್ತೊಮ್ಮಿ ಮಾಡಿ ತೋರ್ಸು," ಅಂದೆ. ಮಾಡಿದರು. ನೊರೆ ಬಂತು. ಒಬ್ಬೊಬ್ಬರ ಮುಖವೂ ಬಿಳಿಚಿತು.

ಸ್ನೇಹಾ ಟ್ಯೂಬ್ ಕೆಳಗಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ವಾಸನಿ ಬಂತ್ರಿ ಮೇಡಂ. ಕಾಕಾನೂ ಹೇಳಿದ್ರು. ಅದಕ್ಕ... ಮಾಡ್ಲಿಲ್ರಿ."

ಸುಳ್ಳು ಹೇಳಲಿಲ್ಲ, ಅದಕ್ಕೆ ಸಂತೋಷವಾಯಿತು. ಬೈಯಲು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ.

ನನ್ನ ಬಿಎಸ್ಸಿ ಕೊನೆಯ ವರ್ಷದ ಪ್ರಾಕ್ಟಿಕಲ್ಲಿನಲ್ಲಿ ನನಗೂ ಒಬ್ಬ ಕಾಕಾ ಇದ್ದರು. ಟ್ಯೂಬ್ ಇಡುತ್ತಾ, 'ಅನಿಲಿನ್ ಐತವಾ ತಂಗಿ' ಅಂದರು. ನಾನೂ ಅರ್ಧ ಪರೀಕ್ಷೆಗಳನ್ನು ಮಾಡದೆ ಬರೆದೆ. ಕಾಲೇಜಿಗೇ ಹೆಚ್ಚು ಅಂಕ ನನಗೆ ಬಂತು. ಆ ಅಂಕದ ಮೇಲೆ ಎಂಎಸ್ಸಿ, ಎಂಎಸ್ಸಿ ಮೇಲೆ ನೌಕರಿ, ನೌಕರಿ ಮೇಲೆ ಈ ಕೆಂಪು ಪೆನ್ನು. ಅವತ್ತು ನನಗೆ ಕೊಟ್ಟದ್ದು ಖರೆಯಾಗಿಯೂ ಅನಿಲಿನ್ ಹೌದೋ ಅಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹುಕ್ಕೇರಿ ಸರ್ ಕೂಡ ಮೆಲ್ಲಗೆ ಹೇಳಿದರು. "ಹುಡುಗ್ರ ಮ್ಯಾಲ ಸಿಟ್ಟಾಗಬ್ಯಾಡ್ರಿ ಮೇಡಂ. ಬಾಟಲಿ ನಮ್ದು, ಪಿಸುಮಾತು ನಮ್ಮ ಕಾಕಾಂದು. ಅವ್ರು ನಾವು ಕಲಿಸಿದ್ದನ್ನ ಮಾಡ್ಯಾರ."

ನಿಜ. ಆದರೂ ಮಾಡದ ಪರೀಕ್ಷೆಗೆ ಅಂಕ ಕೊಡಲು ಮನಸ್ಸು ಬರಲಿಲ್ಲ. ಎಂಟೂ ಜನರಿಗೆ ಸೋಡಾ ಪರೀಕ್ಷೆಯ ಎರಡೆರಡು ಅಂಕ ತೆಗೆದು, ಯಾಕೆ ಅಂತ ಅವರ ಎದುರೇ ಹೇಳಿದೆ. ಯಾರೂ ವಾದ ಮಾಡಲಿಲ್ಲ. ನನ್ನ ಅನಿಲಿನ್ ಕಥೆಯನ್ನು ಮಾತ್ರ ಅವರಿಗೆ ಹೇಳಲಿಲ್ಲ. ನಿಮಗೆ ಹೇಳಿದ್ದೇನೆ, ಅವರೂ ಈ ಅಂಕಣ ಓದುತ್ತಾರೆ.

ಕೊನೆಗೆ ಮಾಯಕ್ಕ ಬಂದಳು. ಸೀರೆಯ ಸೆರಗಿನಂತೆ ದುಪ್ಪಟ್ಟಾ ಬಿಗಿಯಾಗಿ ಸುತ್ತಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಅವಳ ಪೇಪರ್ ನನ್ನ ಮುಂದೆಯೇ ಇತ್ತು, ಗೆರೆ ಸಮೇತ. ಮುಚ್ಚಿಡಬೇಕು ಅನ್ನುವ ಬುದ್ಧಿ ನನಗೆ ಹೊಳೆಯಲಿಲ್ಲ. ಅವಳು ಒಮ್ಮೆ ಅದನ್ನು ನೋಡಿ ಕಣ್ಣು ಕೆಳಗೆ ಹಾಕಿದಳು.

"ಬಾಳಪ್ಪ ಕಾಕಾ ನಿನಗ ಹೆಸರು ಹೇಳಿದ್ರಿಲ್ಲೋ?" ಅಂತ ಕೇಳಿದೆ.

"ಹೇಳಿದ್ರು ರಿ."

"ವಾಸನಿ ಬಂದಿತ್ತಿಲ್ಲೋ?"

"ಬಂದಿತ್ರಿ."

"ಮತ್ತ ಯಾಕ ಬೆಂಜಾಲ್ಡಿಹೈಡ್ ಅಂತ ಬರೀಲಿಲ್ಲ? ಎಲ್ಲಾರೂ ಬರದಾರ."

ಫೇಲಾಗಿದ್ದೇನೆ ಅಂತ ಆಗಲೇ ತೀರ್ಮಾನ ಮಾಡಿಕೊಂಡಿದ್ದಳು ಅಂತ ಕಾಣುತ್ತದೆ. ಆದರೂ ಮಾತು ನೆಟ್ಟಗೆ ಬಂತು.

"ನೊರಿ ಬಂತಲ್ರಿ ಮೇಡಂ. ಎರಡು ಸಲ ಮಾಡಿ ನೋಡಿದೆ, ಎರಡೂ ಸಲ ಬಂತು. ಬಂದದ್ದನ್ನ ಬಂದಿಲ್ಲ ಅಂತ ಹ್ಯಾಂಗ ಬರೀಲಿ ಹೇಳ್ರಿ?"

ಹುಕ್ಕೇರಿ ಸರ್ ಮುಂದಕ್ಕೆ ಬಾಗಿದರು. "ಕಾಕಾ ಹೇಳಿದ್ದರ ಮ್ಯಾಲ ನಂಬಿಕಿ ಇರಲಿಲ್ಲೇನು ನಿನಗ?"

"ಕಾಕಾ ಸುಳ್ಳ ಹೇಳಾವ್ರಲ್ರಿ. ಆದ್ರ ನಮ್ಮಪ್ಪ ಕುರಿ ಕೊಳ್ಳಾಕ ಹೋದಾಗ ಮಾರಾವಗ ಕುರಿ ವಯಸ್ಸು ಕೇಳಂಗಿಲ್ರಿ. ಬಾಯಿ ತೆಗದು ಹಲ್ಲು ನೋಡ್ತಾನ. ಮಾರಾವ ನಮ್ಮ ಸ್ವಂತ ಸೋದರಮಾವ ಇದ್ರೂ ಹಲ್ಲು ನೋಡಾವನ."

ಸರ್ ನಕ್ಕರು. ನನಗೆ ನಗು ಬರಲಿಲ್ಲ. ಕಣ್ಣಿಗೆ ಏನೋ ಬಿದ್ದಂತಾಗಿ ಕನ್ನಡಕ ತೆಗೆದು ಒರೆಸಿಕೊಂಡೆ. ಮೂರು ವರ್ಷ ಈ ಹುಡುಗಿಯ ಹಲ್ಲನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಬಸ್ಸು, ಬೆಂಚು, ಊರು, ಇಷ್ಟೇ ನೋಡಿದ್ದೆ.

ಅವಳನ್ನು ಹೊರಗೆ ಕೂರಿಸಿ ಅಂಕದ ಮಾತಿಗೆ ಬಂದೆವು. ಸರ್ ನ್ಯಾಯವಾಗಿಯೇ ಕೇಳಿದರು. "ಬೆಂಜಾಲ್ಡಿಹೈಡ್ ಆಕಿಗೂ ಸಿಕ್ಕಿಲ್ಲಲ್ರಿ. ಅರ್ಧಾ ಕೊಡೂಣೇನು?"

"ಸರ್, ನಮ್ಮ ಪದ್ಧತಿ ಏನು? ನೊರಿ ಬಂತಂದ್ರ ಆಸಿಡ್ ಅಂತ ಹಿಡದು ಮುಂದ ಹೋಗಬೇಕು. ಆಕಿ ಹಾಂಗ ಹೋಗ್ಯಾಳ. ಕಂಡದ್ದು ಬರದಾಳ. ಎಣ್ಣಿ ಉಳೀತು, ಅದು ತಿಳೀಲಿಲ್ಲ ಅಂತನೂ ಬರದಾಳ. 'ತಿಳೀಲಿಲ್ಲ' ಅಂತ ಬರದ ಪೇಪರ್ ನೀವು ಎಷ್ಟು ನೋಡೀರಿ?"

ಸರ್ ಸ್ವಲ್ಪ ಯೋಚಿಸಿ, "ಒಂದೂ ಇಲ್ರಿ," ಅಂದರು. ಪೆನ್ನು ನನ್ನ ಕಡೆ ಸರಿಸಿದರು.

ಎಣ್ಣೆ ಯಾವುದು ಅಂತ ಹೇಳದ್ದಕ್ಕೆ ಎರಡು ಅಂಕ ಬಿಟ್ಟು, ಆರನ್ನು ಹೊಡೆದು ಮೂವತ್ತೆಂಟು ಮಾಡಿದೆ. ಸ್ನೇಹಾಳಿಗೆ ಉಳಿದದ್ದೂ ಮೂವತ್ತೆಂಟೇ. ತಿದ್ದಿದ ಜಾಗದಲ್ಲಿ ಇಬ್ಬರೂ ಸಹಿ ಹಾಕಬೇಕು, ಕಾರಣ ಬರೆಯಬೇಕು. 'ಸ್ಯಾಂಪಲ್ ಕೆಟ್ಟಿತ್ತು, ಗಮನಿಸದೆ ಕೊಟ್ಟದ್ದು ನನ್ನ ತಪ್ಪು' ಅಂತ ಬರೆದು ಸಹಿ ಮಾಡಿದೆ. ಇಪ್ಪತ್ತೆರಡು ವರ್ಷದಲ್ಲಿ ಉತ್ತರ ಪತ್ರಿಕೆಯ ಮೇಲೆ ನನ್ನ ತಪ್ಪು ನಾನೇ ಬರೆದದ್ದು ಇದೇ ಮೊದಲು. ಗೆರೆಯನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಮೂಲೆಯಿಂದ ಮೂಲೆಗೆ ಹಾಗೇ ಇತ್ತು. ಐದಕ್ಕೆ ಹತ್ತು ನಿಮಿಷ ಇರುವಾಗ ಅಂಕಗಳು ಪೋರ್ಟಲ್ಲಿಗೆ ಹೋದವು.

ಬಾಳಪ್ಪ ಕಾಕಾ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುಖ ಸಣ್ಣಗಾಗಿತ್ತು. "ನಾ ಉಪ್ಪು ತಿಕ್ಕಿ ತೆಗೀಬಾರದಿತ್ತೇನ್ರಿ ಬಾಯಾರ?"

"ಉಪ್ಪಲ್ಲ ಕಾಕಾ, ಕಿವಿಮಾತು ಬಿಡ್ರಿ ಇನ್ನ. ನಾನೂ ಕಿಟಕಿ ನೋಡೂದ ಬಿಡ್ತೀನಿ."

ತಲೆಯಾಡಿಸಿದರು. ಬಿಡುತ್ತಾರೋ ಇಲ್ಲವೋ, ಮುಂದಿನ ಪರೀಕ್ಷೆಯಲ್ಲಿ ನೋಡಬೇಕು.

ಹೊರಗೆ ಬಂದೆ. ಮಾಯಕ್ಕ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದಳು, ಮಮದಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂಕ ಎಷ್ಟು ಅಂತ ಹೇಳುವ ಹಾಗಿಲ್ಲ, ನಿಯಮ. ಆದರೆ ಇಷ್ಟು ಹೇಳದೆ ಕಳಿಸಲು ಆಗಲಿಲ್ಲ.

"ಮಾಯಕ್ಕ, ಕಾಳಜಿ ಮಾಡಬ್ಯಾಡವಾ. ನೀ ಬರದದ್ದು ಸರಿ ಐತಿ. ನಾನ ಸೋಡಾ ಹಾಕಿ ನೋಡೀನಿ, ನೊರಿ ಬಂತು."

ಅವಳ ಭುಜ ಇಳಿಯಿತು. ಬೆಳಿಗ್ಗೆಯಿಂದ ಹಿಡಿದಿಟ್ಟುಕೊಂಡಿದ್ದ ಉಸಿರು ಬಿಟ್ಟಳು, ನಕ್ಕಳು, ಕಣ್ಣು ಒರೆಸಿಕೊಂಡಳು. ಕೈ ಮುಗಿದು ನಾಲ್ಕು ಹೆಜ್ಜೆ ಹೋದವಳು ಏನೋ ನೆನಪಾದಂತೆ ತಿರುಗಿದಳು. ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ಮೂರು ತಿಂಗಳ ಹಿಂದೆ ಕ್ಲಾಸಿನಲ್ಲಿ ಎದ್ದು ನಿಂತಾಗ ಇದ್ದಂಥದೇ ಮುಖ, ಬರೀ ತಿಳಿದುಕೊಳ್ಳುವ ಆಸೆ. ಈ ಸಲ 'ಕುಂದ್ರು' ಅನ್ನಲು ಅಲ್ಲಿ ಬೆಂಚೂ ಇರಲಿಲ್ಲ.

"ಒಂದ್ ಮಾತು ಕೇಳಲೇನ್ರಿ ಮೇಡಂ? ನೀವು ಮೊದ್ಲ ಸೋಡಾ ಹಾಕಿ ನೋಡಿದ್ರೋ, ಮೊದ್ಲ ಗೆರಿ ಎಳದ್ರೋ?"